ಸಾಹೇಬನ ಊಟ

ತಾರೀಖು ೫, ಸೋಮವಾರ

ಎಂಟಕ್ಕೆ ಸಾಹೇಬನ ಊಟ ಆಯಿತು. ಅನ್ನ, ಬೇಯಿಸಿದ ಕ್ಯಾರೆಟ್, ಒಂದು ಮೊಟ್ಟೆ. ಉಪ್ಪು ಹಾಕುವಂತಿಲ್ಲ. ಈ ಮನೆಯ ನಾಯಿಗೆ ಇವರಿಟ್ಟ ಇಂಗ್ಲಿಷ್ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ಸಾಹೇಬ ಎನ್ನುತ್ತೇನೆ. ಅದಕ್ಕೂ ಒಪ್ಪಿಗೆ... ಕಿವಿ ಎತ್ತುತ್ತದೆ.

ಮನೆ ತುಂಬ ಸೂಟ್‌ಕೇಸು. ನಾಳೆ ಇವರೆಲ್ಲ ರಜೆಗೆ ಹೊರಡುತ್ತಾರೆ, ಹದಿನೈದು ದಿನ, ಸಮುದ್ರದ ಕಡೆ. ಹದಿನೆಂಟಕ್ಕೆ, ಭಾನುವಾರ, ನನಗೆ ಬಿಡುವು ಬೇಕೆಂದು ಹೋದ ತಿಂಗಳೇ ಕೇಳಿದ್ದೆ. ಮನೆಯ ಅಮ್ಮ ಆಗಲಿ ಎಂದಿದ್ದರು. ಇವತ್ತು ಕಾಫಿ ಲೋಟ ಹಿಡಿದು ಅಡುಗೆಮನೆಗೆ ಬಂದರು.

"ಅಕ್ಕಾ, ನಾಯಿ ಬಿಡೋ ಜಾಗಕ್ಕೆ ಫೋನ್ ಮಾಡಿದ್ದೆ. ಹೋದ ಸಲ ಮೂರು ದಿನ ಏನೂ ಮುಟ್ಟಲಿಲ್ವಂತೆ, ಇನ್ನು ತರಬೇಡಿ ಅಂದ್ರು. ನೀವು ಪ್ರಾರ್ಥನೆ ಹೇಳಿದ್ರೇನೇ ಅದು ತಿನ್ನೋದು. ನೀವಿದ್ರೆ ನನಗೆ ನಿಶ್ಚಿಂತೆ."

ಕೈ ಹಿಡಿದುಕೊಂಡರು. ಒಳ್ಳೆಯವರು. ಬೈಯುವವರಾಗಿದ್ದರೆ ಇಲ್ಲ ಎನ್ನಬಹುದಿತ್ತು. ಹೂಂ ಎಂದುಬಿಟ್ಟೆ.

ತಾರೀಖು ೬, ಮಂಗಳವಾರ

ಹೋದರು. ಗೇಟಿನ ಬೀಗದ ಕೈ ನನ್ನ ಕೊರಳಲ್ಲಿ. ಗೇಟು ತೆರೆದಿದ್ದರೆ ಸಾಹೇಬ ರಸ್ತೆಗೆ ಓಡುತ್ತಾನೆ. ಅವನು ಓಡದಿರಲೆಂದು ನಾನು ಒಳಗೆ.

ಪ್ರಾರ್ಥನೆಯ ಅಭ್ಯಾಸ ಹಿಡಿಸಿದ ತಪ್ಪು ನನ್ನದೇ. ಏಳು ವರ್ಷದವಳಿದ್ದಾಗ ಬೀದಿನಾಯಿಯೊಂದು ಮೀನಖಂಡಕ್ಕೆ ಬಾಯಿ ಹಾಕಿತ್ತು, ಗುರುತು ಇನ್ನೂ ಇದೆ. ಈ ಮನೆಗೆ ಬಂದ ಮೊದಲ ದಿನ ಹೆದರಿ ಹೆದರಿ ಬಟ್ಟಲನ್ನು ಸಾಹೇಬನ ಮುಂದಿಟ್ಟೆ. ಕಣ್ಣು ಮುಚ್ಚಿ, ನಾನು ಊಟಕ್ಕೆ ಮೊದಲು ಹೇಳುವುದನ್ನೇ ಗಟ್ಟಿಯಾಗಿ ಹೇಳಿದೆ. 'ಕೊಟ್ಟವನೇ, ಉಣ್ಣುವ ಜೀವವನ್ನೂ ಬಡಿಸುವ ಕೈಯನ್ನೂ ಕಾಪಾಡು.' ಬಡಿಸುವ ಕೈಯನ್ನು ಎರಡು ಸಲ ಹೇಳಿದೆ. ನಾಯಿ ಸುಮ್ಮನೆ ಕೂತಿತ್ತು. ಮುಗಿದ ಮೇಲೆಯೇ ಬಾಯಿ ಹಾಕಿತು. ಅಂದಿನಿಂದ ಮೂರು ವರ್ಷ, ಎರಡು ಹೊತ್ತೂ ಹೀಗೇ. ಎಷ್ಟು ಜನರ ಮುಂದೆ ಹೇಳಿಕೊಂಡಿದ್ದೇನೆ, ಮನುಷ್ಯರಿಗಿಲ್ಲದ ಭಕ್ತಿ ಇದಕ್ಕಿದೆ ಎಂದು.

ಹೆದರಿಕೆ ಮಾತ್ರ ಹೋಗಿಲ್ಲ. ಮಧ್ಯಾಹ್ನ ನನ್ನ ಕೋಣೆಯ ಬಾಗಿಲಿಗೆ ಅಡ್ಡ ಮಲಗಿಬಿಡುತ್ತದೆ. ದಾಟುವ ಧೈರ್ಯವಿಲ್ಲ. ಅದು ಏಳುವವರೆಗೆ ಮಂಚದ ಮೇಲೆ ಕಾಲು ಮಡಿಸಿ ಕೂತಿರುತ್ತೇನೆ. ಈಗಲೂ ಹಾಗೇ ಕೂತು ಬರೆಯುತ್ತಿದ್ದೇನೆ.

ತಾರೀಖು ೮, ಗುರುವಾರ

ಮಗಳ ಫೋನು. ನನ್ನನ್ನು ಒಂದು ಮಾತೂ ಕೇಳದೆ ಮದುವೆಯಾಗಿ ಹೋದವಳು. ಮೂರು ವರ್ಷ ನಾನು ಮಾತಾಡಿರಲಿಲ್ಲ. ಹದಿನೆಂಟಕ್ಕೆ ಊಟಕ್ಕೆ ಬಾ ಎಂದು ಹೋದ ತಿಂಗಳು ಕರೆದವಳು ಇವಳೇ. ಮೊದಲನೇ ಸಲ. ನೀನು ಬರೀ ಕೂತು ತಿನ್ನಬೇಕು ಎಂದಿದ್ದಾಳೆ. ರಜೆಯ ದಿನ ಬೇರೆಯವರು ಬಡಿಸಿದ್ದನ್ನು ನಾನು ಕೂತು ಉಂಡದ್ದು ಯಾವಾಗ... ನೆನಪಿಗೆ ಬರುತ್ತಿಲ್ಲ.

"ಅಮ್ಮಾ, ಸುಲಭದ್ದು ಏನಾದ್ರೂ ಹೇಳು. ಇಡೀ ದಿನ ಒಲೆ ಮುಂದೆ ನಿಂತಿರೋಕೆ ನನಗಾಗಲ್ಲ."

"ಒಂದೇ ಪಾತ್ರೆ ಸಾಕು. ಈರುಳ್ಳಿ ಬಾಡಿಸು, ಮನೇಲಿರೋ ತರಕಾರಿ ಹಾಕು, ಅಕ್ಕಿ ಹಾಕು. ತಲೆಗೊಂದು ಚಿಕ್ಕ ಲೋಟ. ಒಂದಕ್ಕೆ ಎರಡು ನೀರು. ಮುಚ್ಚಿಡು. ಘಳಿಗೆಗೊಂದ್ಸಲ ಮುಚ್ಚಳ ತೆಗೆದು ನೋಡಬೇಡ, ಅದೇನು ಓಡಿಹೋಗಲ್ಲ."

"ನಿನ್ನ ಮಗಳ ಥರ ಅಲ್ಲ ಅನ್ನು."

ಹೇಳಿ ಅವಳೇ ಕಿಸಕ್ಕೆಂದಳು. ನನಗೂ ತಡೆಯಲಾಗಲಿಲ್ಲ. ಎಷ್ಟು ವರ್ಷವಾಗಿತ್ತು ಜೊತೆಗೆ ನಕ್ಕು.

"ಹಾಗಾದ್ರೆ ಮೂರು ಲೋಟ," ಎಂದಳು. ಹೂಂ ಎಂದೆ. ಇಲ್ಲಿಯ ಸಂಗತಿ ಹೇಳಲಿಲ್ಲ. ಬಾಯಿ ಬರಲಿಲ್ಲ. ಎರಡು ಕಡೆಗೂ ಹೂಂ ಎಂದು ಕೂತಿದ್ದೇನೆ.

ತಾರೀಖು ೯, ಶುಕ್ರವಾರ

ತೋಟದಣ್ಣನನ್ನು ಕೇಳಿದೆ. ವಾರಕ್ಕೆ ಮೂರು ದಿನ ಗಿಡಗಳಿಗೆ ಬರುವವನು. ಒಂದು ದಿನ ಸಾಹೇಬನನ್ನು ನೋಡಿಕೊಳ್ಳುತ್ತೀಯಾ ಎಂದರೆ, ಅದಕ್ಕೇನಂತೆ, ಎಂದ. ಪ್ರಾರ್ಥನೆ ಹೇಳಬೇಕು ಎಂದಾಗ ಗುದ್ದಲಿ ಕೆಳಗಿಟ್ಟ.

"ಅಡುಗೆಯಮ್ಮಾ, ಹೆಂಡತಿ ಹೋದ ಮೇಲೆ ದೇವರಿಗೂ ನನಗೂ ಮಾತು ನಿಂತಿದೆ. ನಾಯಿಗೋಸ್ಕರ ರಾಜಿಯಾಗು ಅಂತೀರಾ?"

ಆದರೂ ಸಂಜೆ ನಾನು ಕಲಿಸಿದ್ದನ್ನು ಹೇಳಿದ. ಬಸ್ಸಿನ ಕಂಡಕ್ಟರು ಊರುಗಳ ಹೆಸರು ಕೂಗಿದ ಹಾಗೆ. ಹೇಳಿ ಬಟ್ಟಲಿನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, "ತಿನ್ನೋ ದೊರೆ," ಎಂದ. ಸಾಹೇಬ ಜೊಲ್ಲು ಸುರಿಸುತ್ತ ನನ್ನ ಮುಖ ನೋಡಿದ. ಮುಟ್ಟಲಿಲ್ಲ. ಕೊನೆಗೆ ನಾನೇ ಬಟ್ಟಲೆತ್ತಿಟ್ಟು, ಹೇಳಿ, ಸರಿದೆ. ತಿಂದ.

ಮಗಳಿಗೆ ಫೋನ್ ಮಾಡಿ ಹೇಳಿಬಿಟ್ಟೆ, ನಾಯಿ ಬಿಟ್ಟು ಬರಲಾಗುವುದಿಲ್ಲ ಎಂದು.

"ಮೂರು ವರ್ಷ ನನ್ನ ಮೇಲೆ ಮುನಿಸು. ಈಗ ಕರೆದ್ರೆ ನಾಯಿ."

"ಉಪವಾಸ ಬೀಳುತ್ತೆ ಕಣೇ, ಮೂಕ ಪ್ರಾಣಿ."

"ನಿನಗೆ ನಾಯಿ ಕಂಡ್ರೆ ಆಗಲ್ವಲ್ಲಮ್ಮ! ಸರಿ ಬಿಡು. ಎರಡೇ ಲೋಟ ಹಾಕ್ತೀನಿ. ಇನ್ನು ಕರೆಯಲ್ಲ."

ಇಟ್ಟುಬಿಟ್ಟಳು.

ತಾರೀಖು ೧೩, ಮಂಗಳವಾರ

ಬರೆಯಲಿಲ್ಲ. ಬರೆಯಲು ಏನಿದೆ. ಎಂಟಕ್ಕೆ ಬಟ್ಟಲು, ಆರಕ್ಕೆ ಬಟ್ಟಲು. ಮಧ್ಯೆ ಬಾಗಿಲಿಗೆ ಅಡ್ಡ ನಾಯಿ. ಖಾಲಿ ಕೋಣೆಗಳ ಧೂಳು ಒರೆಸುತ್ತೇನೆ. ಕಿಟಕಿ ಸರಳಿನಾಚೆ ಬಸ್ಸು ಹೋಗುತ್ತದೆ, ಮಗಳ ಮನೆಯ ಕಡೆಯದು. ಅದರ ನಂಬರು ಬಾಯಿಪಾಠವಾಗಿದೆ.

ಅಮ್ಮ ವಿಡಿಯೋ ಕಾಲ್ ಮಾಡಿ ಸಮುದ್ರ ತೋರಿಸಿದರು. "ನಿಮಗೂ ಒಳ್ಳೇ ಜೊತೆ ಅಲ್ವಾ ಅಕ್ಕಾ?" ಹೌದಮ್ಮಾ ಎಂದೆ. ದೇವರೇ, ನನ್ನ ನಾಲಿಗೆಗೆ ಇಲ್ಲ ಎನ್ನುವ ಶಬ್ದವನ್ನೇ ಕೊಡಲಿಲ್ಲವೇ ನೀನು.

ತಾರೀಖು ೧೪, ಬುಧವಾರ

ನನ್ನ ದನಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ತೋಟದಣ್ಣನ ಕೈಗೆ ಕೊಟ್ಟು, ಸ್ಟೋರ್ ರೂಮಿನಲ್ಲಿ ಅಡಗಿ ನಿಂತೆ. ಸಾಹೇಬ ಫೋನು ಮೂಸಿ ನೋಡಿದ. ಬಟ್ಟಲು ಬಿಟ್ಟು ನೇರ ಸ್ಟೋರ್ ರೂಮಿಗೇ ಬಂದು ನಿಂತ. ತೋಟದಣ್ಣ ಹೊಟ್ಟೆ ಹಿಡಿದು ನಕ್ಕ. ಹೊರಡುವಾಗ ಕೇಳಿದ, "ಮಗಳ ಮನೆಗೆ ಹೋಗೋಕೆ ಭಯಾನಾ ನಿಮಗೆ? ನಾಯಿ ಒಂದು ನೆಪವೋ ಏನೋ."

ಎಂಥ ಮಾತು ಎಂದು ಗದರಿದೆ. ಇಲ್ಲಿ ಓದುವವರು ಯಾರೂ ಇಲ್ಲ, ಅದಕ್ಕೇ ಬರೆಯುತ್ತೇನೆ. ಭಯವಿದೆ. ಅಳಿಯನ ಮುಖ ನಾನು ನೋಡಿಲ್ಲ.

ತಾರೀಖು ೧೬, ಶುಕ್ರವಾರ. ಬೆಳಗ್ಗೆ ಒಂಬತ್ತು

ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಅಡುಗೆಮನೆಯ ನೆಲ ಒದ್ದೆಯಿತ್ತು. ಬಟ್ಟಲನ್ನು ಪಾತ್ರೆ ಕಪಾಟಿನ ಪಕ್ಕದ ಮೂಲೆಯಲ್ಲಿಟ್ಟೆ. ನನ್ನ ಬೆನ್ನಿಗೆ ಗೋಡೆ, ಹಿಂದೆ ಸರಿಯಲು ಜಾಗವಿಲ್ಲ. ಪ್ರಾರ್ಥನೆ ಹೇಳಿದೆ. ಸಾಹೇಬ ತಿನ್ನಲಿಲ್ಲ. ಮತ್ತೆ ಹೇಳಿದೆ. ಇಲ್ಲ. ಮೂರನೇ ಸಲ ಕಣ್ಣಲ್ಲಿ ನೀರು ತಂದುಕೊಂಡು ಹೇಳಿದೆ. ಊಹೂಂ. ನನ್ನ ಕಾಲನ್ನೇ ನೋಡುತ್ತಾನೆ! ಸಾಕಾಗಿ ಗೋಡೆ ಸವರಿಕೊಂಡು ಪಕ್ಕಕ್ಕೆ ಸರಿದು ಎರಡು ಹೆಜ್ಜೆ ದೂರ ಹೋದೆ. ತಕ್ಷಣ ಬಾಯಿ ಹಾಕಿದ.

ಮೊದಲ ದಿನದಿಂದಲೂ ಹಾಗೆಯೇ ಮಾಡಿದ್ದೇನೆ. ಪ್ರಾರ್ಥನೆ ಮುಗಿಸಿ, ಹೆದರಿ, ಎರಡು ಹೆಜ್ಜೆ ಹಿಂದೆ. ಅವನು ಕಾಯುತ್ತಿದ್ದುದು ದೇವರ ಹೆಸರಿಗಲ್ಲ, ನನ್ನ ಹೆದರಿಕೆಗೆ. ತೋಟದಣ್ಣನಿಗೆ ಹೆದರಿಕೆಯಿಲ್ಲ, ಪಕ್ಕದಲ್ಲೇ ಕೂತಿದ್ದ. ನಾಯಿ ಬಿಡುವ ಜಾಗದವರೂ ತಲೆ ಸವರುತ್ತ ಕೂತಿದ್ದಿರಬೇಕು. ಭಕ್ತ ಎಂದು ಕೊಂಡಾಡಿದೆನಲ್ಲ! ನಾಚಿಕೆಗೇಡು. ಆಮೇಲೆ ಒಬ್ಬಳೇ ನಕ್ಕೆ. ಪಾಪ, ಬಡಿಸುವವಳು ದೂರ ಸರಿಯಲಿ ಎಂದು ಎಷ್ಟು ಮರ್ಯಾದೆಯಿಂದ ಕಾದಿದೆ ಆ ಪ್ರಾಣಿ.

ಅದೇ ದಿನ, ಸಂಜೆ

ಅಮ್ಮನಿಗೆ ಫೋನ್ ಮಾಡಿದೆ. ಭಾನುವಾರ ಮಗಳ ಮನೆಗೆ ಹೋಗುತ್ತೇನೆ, ತೋಟದಣ್ಣ ಇರುತ್ತಾನೆ ಎಂದೆ.

"ಸಂಜೆಗೆ ಬಂದುಬಿಡ್ತೀರಲ್ವಾ ಅಕ್ಕಾ?"

"ಸೋಮವಾರ ಬರ್ತೀನಮ್ಮಾ."

ಹೇಳಿದೆ. ನಾನೇ ಹೇಳಿದೆ.

ಮಗಳು ಫೋನ್ ಎತ್ತಲಿಲ್ಲ. ಬರುತ್ತೇನೆ ಎಂದು ಮೆಸೇಜು ಹಾಕಿದೆ. ನೋಡಿದ್ದಾಳೆ, ನೀಲಿ ಗೆರೆ ಬಂದಿದೆ. ಉತ್ತರವಿಲ್ಲ.

ತಾರೀಖು ೧೮, ಭಾನುವಾರ. ಬೆಳಗ್ಗೆ ಎಂಟು

ಗೇಟಿನ ಹೊರಗೆ, ಚೀಲದ ಮೇಲೆ ಪುಸ್ತಕವಿಟ್ಟು ಬರೆಯುತ್ತಿದ್ದೇನೆ. ಬಸ್ಸಿಗೆ ಹತ್ತು ನಿಮಿಷ. ಕೋಣೆಯಿಂದ ಹೊರಡುವಾಗ ಸಾಹೇಬ ಬಾಗಿಲಿಗೆ ಅಡ್ಡ ಮಲಗಿದ್ದ. ಸೀರೆ ಎತ್ತಿ ಹಿಡಿದು, ಬಾಲ ತುಳಿಯದ ಹಾಗೆ ದಾಟಿದೆ. ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿದ. ಅಷ್ಟೇ.

ಬೀಗದ ಕೈ ತೋಟದಣ್ಣನಿಗೆ ಕೊಟ್ಟೆ. ಎರಡು ಹೆಜ್ಜೆಯ ಗುಟ್ಟು ಹೇಳಿದೆ.

"ಹಾಗಾದ್ರೆ ಪ್ರಾರ್ಥನೆ ಬೇಡ್ವಾ?"

"ನಾಯಿಗೆ ಬೇಡ. ನಿನಗೆ ಬೇಕಾದ್ರೆ ಹೇಳು."

ಅಡುಗೆಮನೆಯ ಕಿಟಕಿ ತೆರೆದಿದೆ, ಇಲ್ಲಿಗೆ ಕೇಳುತ್ತದೆ. ಹೇಳುತ್ತಿದ್ದಾನೆ! ಕಂಡಕ್ಟರನ ಹಾಗಲ್ಲ, ನಿಧಾನಕ್ಕೆ. ಬಡಿಸುವ ಕೈಯನ್ನೂ... ಅಲ್ಲಿ ನಿಂತ. ಮುಗಿಸಿದ. ಚಪ್ಪಲಿ ಸದ್ದು, ಒಂದು, ಎರಡು.

ಬಟ್ಟಲು ನೆಲಕ್ಕೆ ಉಜ್ಜುವ ಸದ್ದು. ತಿನ್ನುತ್ತಿದ್ದಾನೆ ಸಾಹೇಬ, ನಾನಿಲ್ಲದೆ. ಸಂತೋಷವಾಗಬೇಕು. ಆದರೂ ಕಿಟಕಿಯ ಕಡೆಗೇ ತಿರುಗಿ ತಿರುಗಿ ನೋಡುತ್ತೇನೆ.

ಫೋನು. ಮಗಳು! ಅಕ್ಕಿ ಅಳೆಯುವ ಹೊತ್ತು. ಮೂರು ಲೋಟ ಎಂದು ನಾನೇ ಮೊದಲು —