ಐದು ಸಲ ಆಮೆನ್

ಸಲೂನಿನಿಂದ, ಗಿರಾಕಿಗಳ ಕುರ್ಚಿಯಲ್ಲಿ ಕೂತು
ಜೂನ್ 11, ಬುಧವಾರ

ಪ್ರೀತಿಯ ಗುಬ್ಬಿಗೆ,

ಹೇಗಿದ್ದೀಯ ಮಗಳೇ? ಬೆನ್ನುನೋವು ಕಡಿಮೆಯಾಯಿತಾ? ದಿನವಿಡೀ ನಿಂತು ಪಾಠ ಮಾಡುತ್ತೀಯ, ನಡುನಡುವೆ ಕೂತುಕೋ, ಮಕ್ಕಳೇನೂ ಓಡಿಹೋಗುವುದಿಲ್ಲ. ಏಳು ತಿಂಗಳಿಂದ ಫೋನಿನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀಯ, ಅದಕ್ಕೇ ಈ ಕಾಗದ. ಅಂಚೆಯವನನ್ನು ಬ್ಲಾಕ್ ಮಾಡುವ ಗುಂಡಿ ನಿನ್ನ ಹತ್ತಿರ ಇಲ್ಲವಲ್ಲ! ಅಕ್ಷರ ಸೊಟ್ಟಗಿದೆ ಎಂದು ಗಾಬರಿಯಾಗಬೇಡ. ಈಗ ಚೆನ್ನಾಗಿದ್ದೇನೆ, ಅದನ್ನು ಮೊದಲು ಓದಿಕೊಂಡು ಮುಂದಕ್ಕೆ ಹೋಗು.

ನಮ್ಮ ಚರ್ಚಿನವರೂ ನಾಸ್ತಿಕರೂ ದಿನಾ ಜಗಳಾಡುವ ಆ ಆನ್‌ಲೈನ್ ಗುಂಪಿನಲ್ಲಿ ನೀನು, ನನಗೆ ದೇವರಲ್ಲಿ ನಂಬಿಕೆಯಿಲ್ಲ ಎಂದು ಬರೆದೆ. ನಮ್ಮ ಸಭೆಯ ಹಿರಿಯರು ಅದರ ಕೆಳಗೆ, ಇಂಥ ಮಗಳು ಇರುವುದಕ್ಕಿಂತ ಇಲ್ಲದಿರುವುದೇ ಮೇಲು ಎಂದು ಬರೆದರು. ಆ ಮಾತಿಗೆ ನನ್ನ ಹೆಸರಿನಲ್ಲಿ ಒಂದು ಲೈಕ್ ಬಿತ್ತು. ಕೈಯಲ್ಲಿ ಸೋಪಿನ ನೊರೆಯಿತ್ತು, ಬೆರಳು ಜಾರಿತು ಎಂದು ನಿನಗೆ ಹೇಳಿದೆ. ನೀನು ಮಾತು ಬಿಟ್ಟೆ. ನಾನಾದರೂ ಸುಮ್ಮನಿದ್ದೆನೇ? ಮಗಳ ತಲೆ ಕೆಡಿಸಿದವರಿಗೆ ಬುದ್ಧಿ ಕಲಿಸುತ್ತೇನೆಂದು ಟೊಂಕ ಕಟ್ಟಿ ಅದೇ ಗುಂಪಿಗೆ ಇಳಿದೆ. ಅಲ್ಲಿ ನನಗೆ ಗಂಟುಬಿದ್ದವಳು 'ಮುಳ್ಳುಹಂದಿ'. ಅದು ಅವಳೇ ಇಟ್ಟುಕೊಂಡ ಹೆಸರು. ನಾನು ಒಂದು ಗಡ್ಡ ಮುಗಿಸಿ ಇನ್ನೊಂದಕ್ಕೆ ನೊರೆ ಹಚ್ಚುವಷ್ಟರಲ್ಲಿ ನನ್ನ ಒಂದು ಮಾತಿಗೆ ಆರು ಉತ್ತರ ಕೊಟ್ಟಿರುತ್ತಿದ್ದಳು. ಪರದೆಯ ಆಚೆ ಹೆಂಗಸರ ಕೂದಲು ಕತ್ತರಿಸುತ್ತಾ ನಿನ್ನಮ್ಮ, "ಗಿರಾಕಿ ಕಿವಿ ಜೋಪಾನ ಕಣ್ರೀ" ಎಂದು ಕೂಗುತ್ತಿದ್ದಳು.

ಕಳೆದ ತಿಂಗಳು ಒಂದು ಬೆಳಿಗ್ಗೆ ಮುಳ್ಳುಹಂದಿ ಏನೋ ಕೇಳಿದಳು, ಉತ್ತರ ಕೊಟ್ಟೆ. ಕೊಟ್ಟದ್ದೇ ನೆನಪಿಲ್ಲದೆ ಅದನ್ನೇ ಮತ್ತೆ ಕೊಟ್ಟೆ. ಹೀಗೆ ಐದು ಸಲ! ನಮ್ಮವರು ಐದಕ್ಕೂ ಭಕ್ತಿಯಿಂದ ಆಮೆನ್ ಹಾಕಿದರು. ಆ ಕಡೆಯವರು, ಮುದುಕನ ಸರಕು ಖಾಲಿಯಾಯಿತು ಎಂದು ನಕ್ಕರು. ನಗದೇ ಇದ್ದವಳು ಮುಳ್ಳುಹಂದಿ ಒಬ್ಬಳೇ. ಅವಳು ಆಸ್ಪತ್ರೆಯಲ್ಲಿ ನರ್ಸ್ ಅಂತೆ. ನನ್ನ ಫೋಟೋದಲ್ಲಿದ್ದ ಅಂಗಡಿಯ ಬೋರ್ಡ್ ನೋಡಿ, ಅದರ ಮೇಲಿದ್ದ ನಂಬರಿಗೆ ಫೋನ್ ಮಾಡಿದಳು. ಎತ್ತಿದ್ದು ನಿನ್ನಮ್ಮ. ಅವರಿಗೆ ನಗೋಕೆ ಹೇಳಿ, ಬಾಯಿ ಒಂದು ಕಡೆ ವಾಲುತ್ತಾ ನೋಡಿ ಎಂದಳಂತೆ. ಅದಕ್ಕೆ ನಿನ್ನಮ್ಮ, "ಇವರು ನಗೋದೇ ಅಪರೂಪ ಕಣಮ್ಮ" ಎನ್ನಬೇಕೇ! ಆದರೂ ಬಂದು ನೋಡಿದಳು. ನನ್ನ ಬಾಯಿ ವಾಲಿತ್ತು, ಬಾಚಣಿಗೆ ಕೆಳಗೆ ಬಿದ್ದಿತ್ತು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು, ತಡವಾಗಿದ್ದರೆ ಬಲಗೈ ಹೋಗುತ್ತಿತ್ತು ಎಂದರು ಡಾಕ್ಟರು. ಕತ್ತರಿ ಹಿಡಿಯುವ ಕೈ ಮಗಳೇ ಅದು, ನಿನ್ನನ್ನು ಓದಿಸಿದ ಕೈ. ನಿನಗೆ ತಿಳಿಸಬೇಡ, ನಾನೇ ಬರೆಯುತ್ತೇನೆ ಎಂದು ನಿನ್ನಮ್ಮನಿಂದ ಮಾತು ತೆಗೆದುಕೊಂಡಿದ್ದೆ. ಅವಳ ಮೇಲೆ ಸಿಟ್ಟಾಗಬೇಡ.

ಎಷ್ಟು ಜನರಿಗೆ ಋಣಿ ನಾನು! ನಿನ್ನ ಬಗ್ಗೆ ಹಾಗೆ ಬರೆದ ಆ ಹಿರಿಯರೇ ಮೂರು ವಾರ ಬಂದು ಅಂಗಡಿ ಗುಡಿಸಿ, ಬಟ್ಟೆ ಒಗೆದು ಒಣಹಾಕಿ ಹೋದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಕೈಯಲ್ಲಿ ಪೊರಕೆ ಹಿಡಿದು ನಿಂತಿರುತ್ತಿದ್ದರು. ಮುಳ್ಳುಹಂದಿ ದಿನಾ ಸಂಜೆ ಫೋನ್ ಮಾಡಿ, ರಬ್ಬರ್ ಚೆಂಡು ಹಿಸುಕಿದಿರಾ ಎಂದು ಕೇಳುತ್ತಾಳೆ. ದೇವರೇ ನಿಮ್ಮನ್ನು ಕಳಿಸಿದ್ದು ಎಂದೆ. "ಹದಿನೆಂಟು ವರ್ಷ ವಾರ್ಡಿನಲ್ಲಿ ದುಡಿದಿದ್ದೀನಿ, ಅದಕ್ಕೂ ಸ್ವಲ್ಪ ಕ್ರೆಡಿಟ್ ಕೊಡಿ" ಎಂದಳು. ಕೊಟ್ಟೆ. ಈಗಲೂ ವಾದ ಮಾಡುತ್ತೇವೆ, ಆದರೆ ನಾನು ಅವಳನ್ನು ನೀವು ಎನ್ನುತ್ತೇನೆ. ಮೊನ್ನೆ, ನಿಮ್ಮ ಅಪ್ಪ ಪುಣ್ಯವಂತರು ಎಂದೆ. "ನಾನು ಚರ್ಚ್ ಬಿಟ್ಟ ಮೇಲೆ ಅವರು ನನ್ನ ಫೋನ್ ಎತ್ತಿಲ್ಲ" ಎಂದಳು. ಫೋನ್ ಇಟ್ಟ ಮೇಲೆ ನಾನು ಅತ್ತುಬಿಟ್ಟೆ, ಗುಬ್ಬಿ.

ನೀನು ನಂಬಬೇಕೆಂದು ಈ ಕಾಗದ ಬರೆಯುತ್ತಿಲ್ಲ. ನಾನು ಪ್ರಾರ್ಥನೆ ಬಿಡುವುದಿಲ್ಲ, ನಿನ್ನ ಹೆಸರನ್ನೂ ಅದರಿಂದ ತೆಗೆಯುವುದಿಲ್ಲ, ಅಷ್ಟು ಸಹಿಸಿಕೋ. ದೇವರು ನಿನ್ನನ್ನು ಕಾಯಲಿ ಎಂದು ಬರೆದೇ ನನಗೆ ರೂಢಿ. ಬೇಡವಾದರೆ, ಅಪ್ಪ ತಲೆ ಸವರಿದ ಎಂದು ಓದಿಕೋ. ನಿನ್ನಮ್ಮ ಮುತ್ತು ಕಳಿಸಿದ್ದಾಳೆ.

ನಿನ್ನ
ಅಪ್ಪ

ತಾ.ಕ.: ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಅವತ್ತು ಬೆರಳು ಜಾರಲಿಲ್ಲ. ಅಂಗಡಿಯಲ್ಲಿ ಗಿರಾಕಿಯೇ ಇರಲಿಲ್ಲ, ಕೈ ಒಣಗಿತ್ತು. ಎರಡು ಸಲ ಓದಿ ಒತ್ತಿದೆ. ಚರ್ಚಿನವರ ಮುಂದೆ ಹೇಗೆ ಮುಖ ತೋರಿಸಲಿ ಎಂಬ ಚಿಂತೆ ಆ ಗಳಿಗೆಯಲ್ಲಿ ನಿನಗಿಂತ ದೊಡ್ಡದಾಯಿತು. ಇಷ್ಟನ್ನೂ ಈಗಷ್ಟೇ ಆ ಗುಂಪಿನಲ್ಲಿ, ಹಿರಿಯರ ಮಾತಿನ ಕೆಳಗೇ, ಎಲ್ಲರೂ ಓದುವ ಹಾಗೆ ಬರೆದಿದ್ದೇನೆ. ಕ್ಷಮಿಸು ಎನ್ನಲು ನನಗೆ ಮುಖವಿಲ್ಲ ಮಗಳೇ. ಆದರೂ ಕೇಳುತ್ತಿದ್ದೇನೆ.