ನಾಲಿಗೆಗೆ ಅಂಟದ ಎಲುಬು

ಭೋಜಾ,

ಶುಗರಿನಿಂದ ಕಿಡ್ನಿ ಹೋಗಿ ನೀನು ತೀರಿಕೊಂಡೆ ಎಂದು ಕೇಳಿಯೂ ಕಾರ್ಕಳಕ್ಕೆ ಬಾರದವನು ಈಗ ಪತ್ರ ಬರೆಯುತ್ತಿದ್ದೇನೆ. ಎಂತಕ್ಕೆ ಎಂದು ನನಗೂ ಗೊತ್ತಿಲ್ಲ.

ಇವತ್ತು ಮಣಿಪಾಲದಲ್ಲಿ ಡಾಕ್ಟರು ನನ್ನ ಶುಗರ್ ರಿಪೋರ್ಟ್ ನೋಡಿ, "ಬಾಯಿ ಒಣಗುವುದು ಯಾವಾಗಿನಿಂದ?" ಎಂದು ಕೇಳಿದರು. ಕಾಪುವಿನ ಮನೆಗೆ ಬಂದವನೇ ಕಪಾಟಿನಿಂದ, ತಮಿಳುನಾಡಿನ ಅರಿಯಲೂರಿನಲ್ಲಿ ನಾವಿಬ್ಬರು ಹೆಕ್ಕಿದ ಆ ತುಂಡನ್ನು ತೆಗೆದು ನಾಲಿಗೆಗೆ ಇಟ್ಟೆ. ಬರೀ ಕಲ್ಲಾದರೆ ಜಾರುತ್ತದೆ, ಕಲ್ಲಾಗಿಹೋದ ಎಲುಬಾದರೆ ಅಂಟುತ್ತದೆ ಎಂದು ಕಲಿಸಿದವನು ನೀನೇ ಅಲ್ವಾ?

ಅಂಟಲಿಲ್ಲ.

"ಎಂತ ಮಾರಾಯ್ರೆ, ಈ ಪ್ರಾಯದಲ್ಲಿ ಪುನಃ ಕಲ್ಲು ನೆಕ್ಕುವುದಾ?" ಎಂದಳು ನನ್ನ ಹೆಂಡತಿ ಉಮೈರಾ.

ಆವತ್ತು ಇದೇ ತುಂಡು ನನ್ನ ನಾಲಿಗೆಗೆ ಅಂಟಿತ್ತು, ನಿನ್ನದಕ್ಕೆ ಅಂಟಿರಲಿಲ್ಲ. "ಬರೀ ಕಲ್ಲು, ಬಿಸಾಡು ನೌಶಾದ್" ಎಂದಿದ್ದೆ ನೀನು. ಅಲ್ಲಿನ ಮ್ಯೂಸಿಯಮ್ಮಿನವರು ನೋಡಿ ಎಲುಬೇ ಎಂದಾಗ ನಾನು ಎಲ್ಲರೆದುರು, "ಭೋಜನ ನಾಲಿಗೆ ಸತ್ತಿದೆ" ಎಂದು ನಕ್ಕೆ. ಊರು ತಲಪುವವರೆಗೆ ನೀನು ಮಾತಾಡಲಿಲ್ಲ. ಆಮೇಲೆಯೂ ಇಲ್ಲ.

ಹಾಗಾದರೆ ಮ್ಯೂಸಿಯಮ್ಮಿನವರಿಗೆ ತಪ್ಪಿತಾ? ಆವತ್ತು ನನಗೆ ಅಂಟಿದ್ದು ಸುಳ್ಳಾ? ತಲೆ ಕೆಟ್ಟುಹೋಯಿತು. ಒಂದು ಗುಟುಕು ನೀರು ಕುಡಿದು ಪುನಃ ನಾಲಿಗೆಗೆ ಇಟ್ಟೆ.

ಅಂಟಿತು.

ಅರಿಯಲೂರಿಗೆ ಹೋಗುವ ಬಸ್ಸಿನಲ್ಲಿ ನಿನ್ನ ಬಾಟ್ಲಿ ಮುಗಿಸಿ ನನ್ನದನ್ನೂ ನೀನೇ ಖಾಲಿ ಮಾಡಿದ್ದೆ, ನೆನಪುಂಟಾ? ಅದಕ್ಕೂ ನಾನು ಬೈದಿದ್ದೆ.