ಲಾಂಡ್ರಿಯವರು ಕೇಳಿದ ಪ್ರಶ್ನೆಗಳು

ಲಾಂಡ್ರಿಯ ಎದುರಿನ ಮಹಡಿ ಕೋಣೆ
ಸೋಮವಾರ, ಜೂನ್ ೯

ಪ್ರೀತಿಯ ಅತ್ತೆ,

ಹೇಗಿದ್ದೀರಿ? ನಿದ್ದೆ ಸರಿಯಾಗಿ ಬರುತ್ತಿದೆಯೇ? ಪುಟ್ಟಿ ಒಂದಿಷ್ಟೂ ಕಾಟ ಕೊಡುವುದಿಲ್ಲವೆಂದು ನೀವು ಬರೆದದ್ದನ್ನು, ಅವಳ ತಾಯಿಯಾಗಿ, ನಾನು ನಂಬುವುದಿಲ್ಲ. ನಿಮ್ಮ ಮಗ ಫೋನಿನಲ್ಲಿ ಎಲ್ಲದಕ್ಕೂ ‘ಹ್ಞೂಂ, ಸರಿಯಾಗಿದೆ’ ಎನ್ನುತ್ತಾರೆ. ಅವರಿಂದ ಮನೆಯ ಸುದ್ದಿ ಹೊರಡಿಸುವುದೆಂದರೆ ಕಲ್ಲಿನಿಂದ ನಾರು ತೆಗೆದ ಹಾಗೆ. ನಾನು ಚೆನ್ನಾಗಿದ್ದೇನೆ. ಇಲ್ಲಿಯ ಹಬೆಗೆ ಸ್ವಲ್ಪ ಬೆಂದಿದ್ದೇನೆ, ಅಷ್ಟೆ.

ಈ ಸಂಶೋಧನೆಗೆಂದು ಹೊರಡುವ ಮುನ್ನ ನಾನು ಪಟ್ಟ ಪಾಡನ್ನು ನೀವೇ ನೋಡಿದ್ದೀರಿ. ಒಂದಿಡೀ ವರ್ಷ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಇಲ್ಲಿಯ ಭಾಷೆಯ ಪಾಠ ಒಪ್ಪಿಸುತ್ತಿದ್ದೆ. ನೀವು ಬಟ್ಟೆ ಹಿಂಡುತ್ತಲೇ ‘ಇನ್ನೊಂದ್ಸಲ ಹೇಳು, ನಾಲಿಗೆ ತಿರುಗ್ಲಿಲ್ಲ’ ಅನ್ನುತ್ತಿದ್ದಿರಿ. ಆಮೇಲೆ ಅನುಮತಿ ಪತ್ರಗಳು, ಇಂಜೆಕ್ಷನ್ನು, ಹನ್ನೆರಡು ನೋಟ್‌ಬುಕ್ಕು, ವಿಶ್ವವಿದ್ಯಾಲಯದ ಸಮಿತಿ ಮೂರು ಸಲ ತಿದ್ದಿಸಿದ ನಲವತ್ತು ಪ್ರಶ್ನೆಗಳ ಪಟ್ಟಿ. ಇಷ್ಟಾದ ಮೇಲೆ ನಮ್ಮ ಗುರುಗಳು ಹೇಳಿದ್ದು ಒಂದೇ ಮಾತು: ‘ಮೊದಲನೇ ತಿಂಗಳು ಏನೂ ಕೇಳ್ಬೇಡಮ್ಮ, ಅವರ ಜೊತೆ ಕೆಲಸ ಮಾಡು.’ ಅದನ್ನು ಮೊದಲ ದಿನವೇ ಗಾಳಿಗೆ ತೂರಿದೆ.

ಇದು ಆಸ್ಪತ್ರೆಗಳ ಬೆಡ್‌ಶೀಟು ಒಗೆಯುವ ಲಾಂಡ್ರಿ. ಕೆಲಸ ಮಾಡುವವರು ಹದಿನಾಲ್ಕು ಹೆಂಗಸರು. ಅವರ ನಡುವೆ ಪಟ್ಟಿ ಹಿಡಿದು ನಿಂತು, ‘ತಾವು ತಮ್ಮ ಕುಟುಂಬದ ವಿವರಗಳನ್ನು ದಯಪಾಲಿಸಬೇಕೆಂದು ವಿನಂತಿ’ ಎಂದೆ. ನನಗೆ ಭಾಷೆ ಕಲಿಸಿದ ಮೇಷ್ಟ್ರು ಅವರ ತಾತನ ಕಾಲದ ಪುಸ್ತಕ ಹಿಡಿದು ಕಲಿಸಿದ್ದರೆಂದು ಆಗ ಗೊತ್ತಾಯಿತು. ನಾನು ಬಾಯಿ ಬಿಟ್ಟರೆ ಕೋರ್ಟಿನ ಕಾಗದ ಓದಿದ ಹಾಗೆ ಕೇಳುತ್ತಿತ್ತಂತೆ. ಯಾರನ್ನು ಕೆಲಸದಿಂದ ತೆಗೆಯಬೇಕೆಂದು ನೋಡಲು ಬಂದವಳು ಎಂದುಕೊಂಡು ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡರು. ನೋಟೀಸಮ್ಮ ಎಂದು ಹೆಸರೂ ಇಟ್ಟರು. ಮೂರು ವಾರ ಹೀಗೇ ಕಳೆಯಿತು. ವಾಪಸ್ ಬರುತ್ತೇನೆಂದು ಗುರುಗಳಿಗೆ ಪತ್ರ ಬರೆದು, ಅಂಚೆಗೆ ಹಾಕದೆ ಇಟ್ಟುಕೊಂಡೆ. ನಿಮ್ಮ ಮುಂದೆ ಸೋತ ಮುಖ ಹೊತ್ತು ನಿಲ್ಲುವುದು ಹೇಗೆಂಬ ಯೋಚನೆಯೂ ಇತ್ತು.

ಕೊನೆಗೆ ಪಟ್ಟಿಯನ್ನು ಟ್ರಂಕಿನ ತಳಕ್ಕೆ ಸೇರಿಸಿ, ಅಲ್ಲಿಯ ಹಿರಿಯರಾದ ಇಸ್ತ್ರಿ ಅಜ್ಜಿಯ ಹತ್ತಿರ ಏನಾದರೂ ಕೆಲಸ ಕೊಡಿ ಎಂದು ಕೇಳಿದೆ. ಅವರು ಬೆಡ್‌ಶೀಟಿನ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ಎಳೆಯಬೇಕು, ಮಡಚಬೇಕು, ಮುಂದೆ ನಡೆದು ತುದಿಗೆ ತುದಿ ಸೇರಿಸಬೇಕು. ಎರಡು ಸಲ ಅವರ ಮೂಗಿಗೇ ಡಿಕ್ಕಿ ಹೊಡೆದೆ. ನಾಲ್ಕನೆಯ ದಿನ ಅಜ್ಜಿಯೇ ಕೇಳಿದರು, ‘ನಿಮ್ಮನೇಲಿ ಬಟ್ಟೆ ಯಾರು ಒಗೀತಾರೆ?’

‘ನಮ್ಮತ್ತೆ’ ಎಂದೆ.

‘ಹಂಗಾದ್ರೆ ಅವರೇ ಬರ್ಬೇಕಿತ್ತಲ್ಲ, ನೀನ್ಯಾಕೆ ಬಂದೆ?’

ಇಡೀ ಲಾಂಡ್ರಿ ಬಿದ್ದು ಬಿದ್ದು ನಕ್ಕಿತು. ಅಲ್ಲಿಂದ ಶುರುವಾಯಿತು ನೋಡಿ ನನ್ನ ಪರೀಕ್ಷೆ. ನೀವು ಯಾವ ಸೋಪು ಹಾಕುತ್ತೀರಿ, ನೆರಳಲ್ಲಿ ಒಣಗಿಸುತ್ತೀರೋ ಬಿಸಿಲಲ್ಲೋ, ನಮ್ಮಿಬ್ಬರಿಗೆ ಜಗಳವಾದರೆ ಮೊದಲು ಮಾತಾಡುವವರು ಯಾರು. ಮನೆಯಲ್ಲಿ ಮಷೀನಿದ್ದರೂ ‘ಅದಕ್ಕೆ ಕಾಲರ್ ಎಲ್ಲಿದೆ ಅಂತ ಗೊತ್ತಾಗಲ್ಲ’ ಎಂದು ನೀವು ಹೇಳುತ್ತೀರೆಂದಾಗ ಹದಿನಾಲ್ಕು ತಲೆಗಳೂ ಒಟ್ಟಿಗೆ ಆಡಿದವು. ನಿಮ್ಮ ಒಂದು ಕತೆಗೆ ಅವರ ಎರಡು ಕತೆ ಸಿಕ್ಕಿತು. ಈಗ ಏಳನೆಯ ನೋಟ್‌ಬುಕ್ಕು ನಡೆಯುತ್ತಿದೆ.

ಬರೆದುಕೊಂಡದ್ದನ್ನು ಅವರಿಗೆ ಓದಿ ಹೇಳುವುದು ನಮ್ಮ ಕೆಲಸದ ನಿಯಮ. ಹೋದ ವಾರ ಓದಿದೆ. ಬಾಯ್ಲರ್ ನೋಡಿಕೊಳ್ಳುವ ಅಕ್ಕ ಗಂಡನ ಮನೆ ಬಿಟ್ಟು ಬಂದ ದಿನದ ಪುಟ ಬಂದಾಗ ಆಕೆ ಕೈ ಅಡ್ಡ ಹಿಡಿದಳು. ‘ಇದು ನಿಂಗೆ ಹೇಳಿದ್ದು. ಪುಸ್ತಕಕ್ಕೆ ಹೇಳಿದ್ದಲ್ಲ.’ ಅತ್ತೆ, ಅಷ್ಟು ಚೆನ್ನಾಗಿ ನಾನು ಎಂದೂ ಬರೆದಿರಲಿಲ್ಲ. ಆದರೂ ಹರಿದು ಅವಳ ಕೈಗೇ ಕೊಟ್ಟೆ. ಅಭ್ಯಾಸಬಲದಿಂದ ಅಂಚಿಗೆ ಅಂಚು ಸೇರಿಸಿ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡಳು. ನಿನ್ನೆ ಭಾನುವಾರ ಅವಳ ಮನೆಯಲ್ಲೇ ನನಗೂ ಲಾಂಡ್ರಿಯವರಿಗೂ ಊಟ. ಅಲ್ಲಿ ಯಾರೂ ನನ್ನನ್ನು ನೋಟೀಸಮ್ಮ ಅನ್ನಲಿಲ್ಲ. ಎಲ್ಲರೂ ಕೇಳಿದರೆಂದು ನಿಮ್ಮ ಫೋಟೋ ತೋರಿಸಿದೆ, ನೀವು ಪುಟ್ಟಿಯ ಹೆಗಲ ಮೇಲೆ ಕೈಯಿಟ್ಟು ನಿಂತದ್ದು. ಕೈಯಿಂದ ಕೈಗೆ ಹೋಯಿತು.

ಪುಟ್ಟಿಗೆ ಎರಡು ಮುತ್ತು, ಒಂದು ಗದರಿಕೆ. ನಿಮಗೆ ನಮಸ್ಕಾರ.

ನಿಮ್ಮ ಸೊಸೆ

ಅತ್ತೆ, ಇನ್ನೊಂದು ಮಾತು. ಹೇಗೆ ಬರೆಯಲೆಂದು ತಿಳಿಯದೆ ಮೇಲೆ ಬಿಟ್ಟೆ. ಆ ಫೋಟೋವನ್ನು ಇಸ್ತ್ರಿ ಅಜ್ಜಿ ಕಣ್ಣ ಹತ್ತಿರ ಹಿಡಿದು ನೋಡಿ, ‘ಇವರ ಬಲಗೈ ಹೆಬ್ಬೆರಳಿನ ಬುಡ ನೋಡು, ಊದಿದೆ. ಹಿಂಡಿ ಹಿಂಡಿ ಬರೋ ನೋವು. ನಮಗೆಲ್ಲ ಗೊತ್ತು. ಎಷ್ಟು ವರ್ಷದಿಂದ ಇದೆ?’ ಅಂದರು. ಹನ್ನೊಂದು ವರ್ಷ ಒಂದೇ ಸೂರಿನ ಕೆಳಗಿದ್ದವಳು ನಾನು, ಗೊತ್ತಿಲ್ಲ ಎಂದೆ. ಅಷ್ಟು ಜನರ ಮುಂದೆ ತಲೆ ಎತ್ತಲಾಗಲಿಲ್ಲ. ಈ ಪತ್ರ ಬಂದ ಮರುದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ನಿಮ್ಮ ಮಗನಿಗೆ ಹೇಳಿದ್ದೇನೆ, ಬೇಡ ಅನ್ನಬೇಡಿ. ಅಜ್ಜಿಯ ಪ್ರಶ್ನೆಗೆ ಉತ್ತರ ಕಳಿಸಿ, ಇದ್ದದ್ದು ಇದ್ದ ಹಾಗೆ. ನೀವು ಪೆನ್ನು ಹಿಡಿಯಬೇಡಿ. ನೀವು ಹೇಳಿ, ಪುಟ್ಟಿ ಬರೆಯಲಿ.